ಅರ್ಧ ಹಾಡಿಗೊಂದು ಹೊರಗಿನ ಪರದೆ

ನಮ್ಮ ಅಡುಗೆಮನೆಯ ಸಜ್ಜಾದ ಮೇಲೆ ಒಂದು ಬಿದಿರಿನ ಬುಟ್ಟಿ ಇದೆ. ಒಂದು ಕಾಲಕ್ಕೆ ಜೋಳದ ರೊಟ್ಟಿ ಇಡುತ್ತಿದ್ದ ಬುಟ್ಟಿ ಅದು. ಈಗ ಅದರ ತುಂಬ ವೈರುಗಳು. ಮನೆಯಲ್ಲಿ ಯಾವ ಯಂತ್ರ ಸತ್ತರೂ ಅದರ ವೈರನ್ನು ಮಾತ್ರ ನಾನು ಸಾಯಗೊಡುವುದಿಲ್ಲ. ಇಸ್ತ್ರಿಪೆಟ್ಟಿಗೆ ಗುಜರಿಗೆ ಹೋಯಿತು, ವೈರು ಉಳಿಯಿತು. ಟೇಪ್ ರೆಕಾರ್ಡರ್ ಹೋಯಿತು, ವೈರು ಉಳಿಯಿತು. ನಮ್ಮ ಯಜಮಾನರು ಅದಕ್ಕೆ ಹಾವಾಡಿಗರ ಬುಟ್ಟಿ ಎಂದು ಹೆಸರಿಟ್ಟಿದ್ದಾರೆ. ಇರಲಿ ಬಿಡಿ, ಒಂದಿಲ್ಲ ಒಂದು ದಿನ ಬೇಕಾಗುತ್ತದೆ ಎಂದು ನಾನು ಹೇಳುತ್ತ ಬಂದು ಇಪ್ಪತ್ತು ವರ್ಷವಾಯಿತು. ಕಳೆದ ತಿಂಗಳು ಆ ದಿನ ಬಂತು. ಬುಟ್ಟಿಯಲ್ಲಿದ್ದ ಒಂದು ವೈರೂ ಉಪಯೋಗಕ್ಕೆ ಬರಲಿಲ್ಲ.

ಆದದ್ದಿಷ್ಟು. ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆ ಸತ್ತುಹೋಯಿತು. ಗುಂಡಿ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತದೆ, ಸಣ್ಣ ದೀಪ ಹತ್ತುತ್ತದೆ, ಶುರುವಾದಾಗಿನ ಆ ಟಿಣ್ ಎಂಬ ಸದ್ದೂ ಬರುತ್ತದೆ. ಪರದೆ ಮಾತ್ರ ಅಮಾವಾಸ್ಯೆ. ಹಳೆಯದು ಹೋದರೆ ಹೋಯಿತು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದರೊಳಗೆ ನಮ್ಮ ಯವ್ವನ, ಎಂದರೆ ನನ್ನ ಹಡೆದ ತಾಯಿಯ, ಹಾಡು ಇದೆ. ಯವ್ವ ಈಗ ಇಲ್ಲ. ಆಕೆ ತೀರಿಕೊಳ್ಳುವ ಎರಡು ವರ್ಷ ಮೊದಲು ಈ ಲ್ಯಾಪ್‌ಟಾಪಿನ ಮುಂದೆ ಕೂಡಿಸಿ ನಾನೇ ಹಿಡಿದ ಹಾಡು. ಬೇರೆ ಕಡೆ ಒಂದು ಪ್ರತಿ ಇಟ್ಟಿಲ್ಲವೇ ಎಂದು ನೀವು ಕೇಳುತ್ತೀರಿ. ಮೂವತ್ತು ವರ್ಷ ರಾಯಚೂರಿನ ಮಕ್ಕಳಿಗೆ ಗಣಿತ ಕಲಿಸಿ, ಉತ್ತರವನ್ನು ಎರಡು ಸಲ ತಾಳೆ ನೋಡಿರಿ ಎಂದು ಕಿವಿ ಹಿಂಡಿದವಳು ನಾನು. ನನ್ನ ಹತ್ತಿರ ಒಂದೇ ಪ್ರತಿ ಇತ್ತು.

ನಮ್ಮ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಶರಣಮ್ಮನ ಕಂಪ್ಯೂಟರ್ ದುರಸ್ತಿ ಅಂಗಡಿ. ಈ ಶರಣಮ್ಮ ಒಂಬತ್ತನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಎರಡು ಸಲ ನಪಾಸಾದವಳು. ಈಗ ನಾನು ಅವಳ ಕೌಂಟರಿನ ಈಚೆ ನಿಂತಿದ್ದೆ. ಅವಳು ಲ್ಯಾಪ್‌ಟಾಪನ್ನು ತಿರುವಿ ಮುರುವಿ ನೋಡಿದಳು.

"ಒಳಗ ಎಲ್ಲಾ ಚಲೋ ಅದ್ರೀ ಟೀಚರ್. ಪರದಿ ಒಂದು ಹೋಗ್ಯದ. ಇದರ ಪರದಿ ಈಗ ಸಿಗಂಗಿಲ್ಲ. ಒಂದು ಮಾನಿಟರ್ ಒಯ್ರಿ, ಹೊರಗಿಂದ ಹಚ್ಚಿಬಿಡ್ರಿ."

"ನನಗ ಹಚ್ಚಾಕ ಬರ್ತದೇನs?"

"ಪೈಥಾಗೊರಸ್ ಬರ್ತದ ನಿಮಗ, ಇದು ಬರಂಗಿಲ್ಲೇನ್ರಿ?" ಎಂದು ನಕ್ಕಳು. ಹಳೆಯ ಸಿಟ್ಟು ಸ್ವಲ್ಪ ಅದರಲ್ಲಿತ್ತು.

ಮಾನಿಟರ್ ಮನೆಗೆ ತಂದೆ. ಲ್ಯಾಪ್‌ಟಾಪಿನ ಬದಿಗೆ ಇದ್ದದ್ದು ನೀಲಿ ಬಣ್ಣದ ಅಗಲ ಬಾಯಿ, ಅದರಲ್ಲಿ ಹದಿನೈದು ತೂತು. ಮಾನಿಟರಿನ ಬೆನ್ನಿಗಿದ್ದದ್ದು ಸಣ್ಣ ಚಪ್ಪಟೆ ಬಾಯಿ. ಬುಟ್ಟಿ ಇಳಿಸಿ ಹುಡುಕಿದರೆ ಎರಡೂ ತುದಿ ನೀಲಿ ಇದ್ದ ವೈರು ಸಿಕ್ಕಿತು, ಎರಡೂ ತುದಿ ಚಪ್ಪಟೆ ಇದ್ದದ್ದೂ ಸಿಕ್ಕಿತು. ಒಂದು ತುದಿ ಅದು, ಇನ್ನೊಂದು ತುದಿ ಇದು ಆಗಿದ್ದದ್ದು ಇರಲಿಲ್ಲ. ನೀವು ನಗಬಾರದು, ಎರಡನ್ನೂ ಒಂದಕ್ಕೊಂದು ಒತ್ತಿ ನೋಡಿದೆ. ಮತ್ತೆ ಅಂಗಡಿಗೆ ಹೋದೆ. ಶರಣಮ್ಮ ಎರಡೂ ಕಡೆ ತನ್ನದೇ ವೈರು ಇದ್ದ, ಬೆಂಕಿಪೊಟ್ಟಣದಷ್ಟಿದ್ದ ಒಂದು ಡಬ್ಬಿ ಕೊಟ್ಟಳು. ಇವರ ಮಾತು ಅವರಿಗೆ ತಿಳಿಯುವಂತೆ ಮಾಡುವ ದುಭಾಷಿ ಅದು. ಮನೆಗೆ ಬಂದು ಚುಚ್ಚಿದೆ. ಮಾನಿಟರ್ ಕಣ್ಣು ತೆರೆಯಿತು.

ತೆರೆದ ಕಣ್ಣಿನಲ್ಲಿ ಏನೂ ಇರಲಿಲ್ಲ. ಹಸಿರು ಗುಡ್ಡ, ನೀಲಿ ಆಕಾಶ, ಅಷ್ಟೇ. ನನ್ನ ಕಡತಗಳಿಲ್ಲ, ಯವ್ವನ ಹೆಸರಿನ ಹಳದಿ ಚೀಲವಿಲ್ಲ. ಚುಚ್ಚುವಾಗ ನಾನೇ ಏನೋ ಒತ್ತಿ ಎಲ್ಲ ಅಳಿಸಿಬಿಟ್ಟೆನೇ? ಅಂಗಡಿಗೆ ಫೋನು ಮಾಡಿದೆ.

"ಅಳಸೀಲ್ರಿ ಟೀಚರ್, ಗಾಬರಿ ಆಗಬ್ಯಾಡ್ರಿ," ಎಂದಳು ಶರಣಮ್ಮ. "ನಿಮ್ಮವೆಲ್ಲಾ ಒಳಗಿನ ಪರದಿ ಮ್ಯಾಲೇ ಕುಂತಾವು. ನಿಮಗ ಕಾಣವಲ್ದು ಅಷ್ಟ. ಈಗ ನೀವು ನೋಡಾಕತ್ತಿದ್ದು ಬರೇ ಪಡಸಾಲಿ. ಸಂಜಿಕ ಅಂಗಡಿ ಮುಚ್ಚಿ ಬರ್ತೀನಿ, ಏನೂ ಒತ್ತಬ್ಯಾಡ್ರಿ."

ಏನೂ ಒತ್ತದೆ ಕುಳಿತೆ. ಒಳಗೆ ಎಲ್ಲವೂ ಇದೆ, ಹೊರಗೆ ನಿಂತವರಿಗೆ ಬರೇ ಪಡಸಾಲೆ. ಇಂಥದನ್ನು ನಾನು ಹಿಂದೆಯೂ ಎಲ್ಲೋ ಕಂಡಿದ್ದೆ ಅನ್ನಿಸಿತು.

ನಮ್ಮದು ಮಾನ್ವಿ ತಾಲ್ಲೂಕು, ಪೋತ್ನಾಳದ ಆಚೆ ಒಂದು ಹಳ್ಳಿ. ಯವ್ವನ ತವರು ದೇವದುರ್ಗ. ಆಕೆಯ ಹೆಸರು ಹುಲಿಗೆಮ್ಮ. ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ನಮ್ಮ ಕೇರಿಯ ಹೆಂಗಸರೆಲ್ಲ ನೆಲ್ಲು ಹಚ್ಚಲು ಹೋಗುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಐದನೆಯ ಇಯತ್ತೆ. ಒಂದು ದಿನ ಗದ್ದೆಯ ಬದುವಿಗೆ ಜೀಪು ಬಂದು ನಿಂತಿತು. ರೇಡಿಯೋದವರು. ಹಾಡು ಹಿಡಿಯುವ ಪೆಟ್ಟಿಗೆ ತಂದಿದ್ದರು. ಹೆಂಗಸರೆಲ್ಲ ನಾಚಿ ಒಬ್ಬರ ಹಿಂದೆ ಒಬ್ಬರು ಅಡಗಿದರು. ಕೊನೆಗೆ ಕೆಸರುಗಾಲಿನಲ್ಲೇ ಬದುವಿನ ಮೇಲೆ ಕುಳಿತು ಹಾಡಿದವಳು ಯವ್ವ. ದೇವದುರ್ಗದಿಂದ ಲಗ್ನವಾಗಿ ಬರುವಾಗಿನ ದಾರಿಯ ಹಾಡು. ಬೀಸುವಾಗ ಆಕೆ ಹೇಳಿಕೊಳ್ಳುತ್ತಿದ್ದದ್ದು, ತಾನೇ ಕಟ್ಟಿದ್ದು.

ಹಾಡು ಮುಗಿದ ಮೇಲೆ ಪೆಟ್ಟಿಗೆಯವರು ಕಿವಿಗೆ ಎರಡು ಬಟ್ಟಲು ಹಚ್ಚಿಕೊಂಡು ತಾವೊಬ್ಬರೇ ಕೇಳಿ ತಲೆಯಾಡಿಸಿದರು. ಯವ್ವ ಆ ಬಟ್ಟಲುಗಳನ್ನೇ ನೋಡುತ್ತಿದ್ದಳು.

"ನನಗೂ ಒಂದೀಟು ಕೇಳಸ್ರಿ ಯಪ್ಪಾ."

"ರೇಡಿಯೋದಲ್ಲಿ ಬರುತ್ತಲ್ಲಮ್ಮ, ಆಗ ಕೇಳುವಿಯಂತೆ," ಎಂದು ಅವರು ವೈರು ಸುತ್ತಿಕೊಂಡರು. ಬರುವ ಗುರುವಾರ ಸಂಜೆ, ರೈತರ ಕಾರ್ಯಕ್ರಮದ ಕೊನೆಗೆ.

ಆ ಗುರುವಾರದ ತನಕ ಯವ್ವ ನಮ್ಮ ಕೈಗೆ ಸಿಗಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಕೇಳುವಳು: "ನನ್ನ ಧ್ವನಿ ಹೊರಗಿಂದ ಹೆಂಗ ಕೇಳತದೋ ಏನೋ?" ಹುಟ್ಟಿದಾಗಿನಿಂದ ಹಾಡಿದವಳು, ಒಮ್ಮೆಯೂ ಸುಮ್ಮನೆ ಕುಳಿತು ತನ್ನನ್ನು ತಾನು ಕೇಳಿದವಳಲ್ಲ. ಆಕೆಗೆ ಬೇಕಾಗಿದ್ದದ್ದು ಅದೊಂದೇ.

ತೊಂದರೆ ಇದ್ದದ್ದು ರೇಡಿಯೋದ್ದು. ಕೇರಿಗೆಲ್ಲ ಇದ್ದದ್ದು ಒಂದೇ ಟ್ರಾನ್ಸಿಸ್ಟರ್, ನಮ್ಮಪ್ಪನ ತಮ್ಮ ದುರುಗಪ್ಪ ಕಾಕಾನದು. ಅದು ಆ ವಾರವೇ ಮಾನ್ವಿಯ ಖಾಜಾಸಾಬರ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಇನ್ನುಳಿದದ್ದು ಪಂಚಾಯ್ತಿಯ ದೊಡ್ಡ ರೇಡಿಯೋ. ಸಂಜೆ ಅದರ ಮುಂದೆ ಊರಿನ ಹಿರಿಯರು ಜಮಖಾನದ ಮೇಲೆ ಕೂಡುತ್ತಿದ್ದರು. ಮಾಳಿಗೆಯ ಮೇಲೊಂದು ಕೊಂಬಿನ ಸ್ಪೀಕರು ಇತ್ತು, ಅದು ಕೂಗುವುದನ್ನು ಬಿಟ್ಟು ವರ್ಷವಾಗಿತ್ತು. ಹೀಗಾಗಿ ಕೇಳಬೇಕಾದರೆ ಒಳಗೇ ಕೂಡಬೇಕು. ನಮ್ಮ ಕೇರಿಯವರು ಒಳಗೆ ಕೂಡುತ್ತಿರಲಿಲ್ಲ. ಬರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಬರ್ರಿ ಎಂದದ್ದೂ ಕೇಳಿಲ್ಲ.

ಕಾಕಾ ಸೈಕಲ್ ತುಳಿದು ಮಾನ್ವಿಗೆ ಹೋದ. ನಾನೂ ಹಿಂದೆ ಕುಳಿತು ಹೋದೆ. ಖಾಜಾಸಾಬರು ಟ್ರಾನ್ಸಿಸ್ಟರಿನ ಒಳಗೆ ಮೂಗು ತೂರಿಸಿಯೇ ಮಾತಾಡಿದರು.

"ಇದರ ಸಾಮಾನು ಹೈದರಾಬಾದಿಂದ ಬರಬೇಕು ದುರುಗಪ್ಪ. ಗುರುವಾರಕ್ಕ ಆಗೋದಿಲ್ಲ. ಒಂದು ತರಕೀಬ್ ಅದ ನೋಡು. ಪಂಚಾಯ್ತಿ ರೇಡಿಯೋದ ಹಿಂದ ಒಂದು ತೂತು ಅದ. ಅದಕ್ಕ ಈ ಪ್ಲಗ್ ಚುಚ್ಚು, ವೈರು ಎಳಕೊಂಡು ಹೋಗಿ ಈ ಸ್ಪೀಕರಕ್ಕ ಹಚ್ಚು. ನಿಮ್ಮ ಮನಿ ಮುಂದ ಬರ್ತದ."

ಸ್ಪೀಕರನ್ನೂ ನೂರು ಮಾರು ವೈರನ್ನೂ ಎತ್ತಿ ಕೊಟ್ಟರು. ನಾವು ಸೈಕಲ್ ಹತ್ತುವಾಗ ಮತ್ತೆ ಕರೆದರು.

"ಏ ದುರುಗಪ್ಪ! ಪ್ಲಗ್ ಚುಚ್ಚಿದ್ರ ಒಳಗಿನ ಆವಾಜ್ ಬಂದ್ ಆಗ್ತದ. ಹೊರಗ ಒಂದ ಬರ್ತದ. ಎರಡೂ ಕಡಿ ಬರಬೇಕಂದ್ರ ಹಿಂದಿನ ಹಲಗಿ ಬಿಚ್ಚಿ ಒಳಗಿನ ವೈರಿಗೇ ಜೋಡಸಬೇಕು. ಅವರಿಗಿ ಮೊದ್ಲ ಹೇಳಿಬಿಡು."

ಕಾಕಾ ಸೈಕಲ್ ತುಳಿಯುತ್ತ ಹೊರಟ. ಪಂಚಾಯ್ತಿ ರೇಡಿಯೋದ ಹಲಗೆ ಬಿಚ್ಚಲು ಅವನನ್ನು ಯಾರು ಬಿಟ್ಟಾರು? ಒಳಗಿನದು ಬಂದ್ ಆಗುತ್ತದೆ ಎಂದರೆ ಪ್ಲಗ್ ಚುಚ್ಚಲಾದರೂ ಯಾರು ಬಿಟ್ಟಾರು? ಪೋತ್ನಾಳ ದಾಟಿದ ಮೇಲೆ ಹೇಳಿದ.

"ಐದು ನಿಮಿಷದ ಹಾಡು. ಐದು ನಿಮಿಷ ಕೇಳಲಿಲ್ಲಂದ್ರ ಅವರದೇನು ಜೀವ ಹೋಗತದೇನು? ನೀನೂ ಹೇಳಬ್ಯಾಡ, ನಾನೂ ಹೇಳಂಗಿಲ್ಲ."

ನಾನೂ ಹೇಳಲಿಲ್ಲ. ಆ ಗುಟ್ಟಿನಲ್ಲಿ ನನಗೂ ಪಾಲಿದೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಪಂಚಾಯ್ತಿ ಚೇರ್ಮನ್ನರು ಕೆಟ್ಟವರಲ್ಲ. "ನಮ್ಮೂರ ಹೆಣಮಗಳು ರೇಡಿಯೋದಾಗ ಹಾಡ್ಯಾಳಂದ್ರ ಊರಿಗೇ ಹೆಸರು. ವೈರು ಎಳಕೋ ಹೋಗೋ," ಎಂದರು. ಪಂಚಾಯ್ತಿ ಜವಾನ ಈರಪ್ಪ ರೈತರ ಭಾಷಣ ಮುಗಿದೊಡನೆ ಪ್ಲಗ್ ಚುಚ್ಚುವುದು ಎಂದು ಠರಾವಾಯಿತು. ಕಿಟಕಿಯ ಹೊರಗೆ ಕಾಕಾ ನಿಲ್ಲುವುದು.

ಗುರುವಾರ ಯವ್ವ ನಸುಕಿನಲ್ಲೇ ಎದ್ದು ತನ್ನ ದೊಡ್ಡ ಗಡಿಗೆಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಸ್ಪೀಕರನ್ನು ಗಡಿಗೆಯ ಬಾಯಿಯ ಮೇಲಿಟ್ಟರೆ ದನಿ ಗುಂಯ್ ಎಂದು ತುಂಬಿ ಬರುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ಎಲ್ಲರೂ ಕಂಡದ್ದೇ. ಸಂಜೆಗೆ ಕಟ್ಟೆಯ ಮೇಲೆ ಗಡಿಗೆ, ಗಡಿಗೆಯ ಮೇಲೆ ಸ್ಪೀಕರು, ಸುತ್ತ ಕೇರಿಗೆ ಕೇರಿಯೇ. ಯವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟಿದ್ದಳು. ಮುಂದೆ ಬಾ ಎಂದರೆ ಬರಲಿಲ್ಲ, ಬಾಗಿಲ ತೋಳಿಗೆ ಒರಗಿ ನಿಂತಳು.

ಸ್ಪೀಕರು ಕರಕರ ಎಂದಿತು. ಆಮೇಲೆ ಒಬ್ಬ ಹೆಣ್ಣುಮಗಳು ಮೆದುವಾಗಿ ಹೇಳಿದಳು: ಈಗ ಮಾನ್ವಿ ತಾಲ್ಲೂಕಿನ ಶ್ರೀಮತಿ ಹುಲಿಗೆಮ್ಮ ಅವರಿಂದ ಬೀಸುವ ಪದ. ಶ್ರೀಮತಿ! ಯವ್ವನಿಗೆ ಹಾಗೆ ಅಂದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಮುದುಕಿಯೊಬ್ಬಳು "ಯಾರಬೇ ಆಕಿ?" ಎಂದು ಕೇಳಿಯೂಬಿಟ್ಟಳು. ಅಷ್ಟರಲ್ಲಿ ಹಾಡು ಬಂತು.

ದೇವದುರ್ಗದ ದಾರಿ ತಿರುವಿನಾಗ ನಿಂತಾಳ
ಹಡೆದವ್ವ ಸೆರಗ ಹಿಡಕೊಂಡ, ನನ ಬಂಡಿ
ಮುಂದ ಮುಂದಕ್ಕ ಹೊಂಟಾದ

ಯವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತುಟಿ ಆಡಿಸಲಿಲ್ಲ. ನಾನು ಹಾಡನ್ನು ಬಿಟ್ಟು ಆಕೆಯನ್ನೇ ನೋಡುತ್ತಿದ್ದೆ. ಅಷ್ಟು ಹಗುರವಾಗಿ, ಕೈಯಲ್ಲಿ ಯಾವ ಕೆಲಸವೂ ಇಲ್ಲದೆ ನಿಂತ ಯವ್ವನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಇದ್ದಕ್ಕಿದ್ದಂತೆ ಹಾಡು ಜೋರಾಯಿತು. ಮತ್ತಿಷ್ಟು ಜೋರಾಯಿತು. ಗಡಿಗೆ ನಡುಗಿತು, ಕಟ್ಟೆಯ ಮೇಲಿನ ನಾಯಿ ಎದ್ದು ಓಡಿತು. ರೇಡಿಯೋದವರು ಹುಲಿಗೆಮ್ಮನಿಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದು ನಮ್ಮ ಜನ ಹಿಗ್ಗಿದರು. ಅದರ ಬೆನ್ನಿಗೇ ಟಕ್ ಎಂದು ಎಲ್ಲ ನಿಂತಿತು.

ಒಳಗೆ ಆದದ್ದನ್ನು ಕಾಕಾ ಆಮೇಲೆ ಹೇಳಿದ. ಪ್ಲಗ್ ಚುಚ್ಚಿದ ಕೂಡಲೆ ರೇಡಿಯೋ ಮೂಕವಾಯಿತು. ಹಿರಿಯರು ಸ್ವಲ್ಪ ಹೊತ್ತು ಕಾದರು. ಒಬ್ಬರು ಅದರ ನೆತ್ತಿಗೆ ಹೊಡೆದರು. ಇನ್ನೊಬ್ಬರು ದನಿ ಏರಿಸುವ ಗುಂಡಿಯನ್ನು ತಿರುವುವಷ್ಟು ತಿರುವಿದರು. ನಮ್ಮ ಗಡಿಗೆ ನಡುಗಿದ್ದು ಆಗ. ಕಾಕಾ ಕಿಟಕಿಯಿಂದ ಕೂಗಿದ: "ಬರಾಕತ್ತದ್ರೀ, ಹೊರಗ ಬರಾಕತ್ತದ!"

"ಹೊರಗ ಬರಾಕತ್ತಿದ್ರ ಒಳಗ್ಯಾಕ ಬರವಲ್ದೋ?" ಎಂದರು ಚೇರ್ಮನ್ನರು.

ಈರಪ್ಪ ಪ್ಲಗ್ ಕಿತ್ತ. ಒಳಗೆ ಹಾಡು ಬಂತು. "ಮತ್ತ ಚುಚ್ರಿ, ಚುಚ್ರಿ," ಎಂದು ಕಾಕಾ ಅಂಗಲಾಚಿದರೆ ಎಲ್ಲರೂ ಅವನನ್ನೇ ಗದರಿಸಿದರು: "ಸುಮ್ನಿರೋ, ಹಾಡು ಕೇಳಗೊಡು!" ಹೀಗೆ ಹಾಡಿನ ಮೊದಲರ್ಧ ಕೇರಿಗೆ, ಉಳಿದರ್ಧ ಊರಿಗೆ. ರೇಡಿಯೋದಲ್ಲಿ ಇಡೀ ಹಾಡು ಕೇಳಿದವರು ನಮ್ಮೂರಲ್ಲಿ ಒಬ್ಬರೂ ಇಲ್ಲ.

ಕಟ್ಟೆಯ ಹತ್ತಿರ ಹೆಂಗಸರು ಯವ್ವನ ಕೈ ಹಿಡಿದು ಎಳೆದರು. "ಯವ್ವಾ, ನೀನs ಇದ್ದೀಯಲ್ಲ, ಮುಂದಿಂದು ನೀನs ಹಾಡು."

ಯವ್ವ ಕೈ ಬಿಡಿಸಿಕೊಂಡಳು. "ನಾ ಇವತ್ತು ಕೇಳಾಕ ನಿಂತಿದ್ದೆ, ಹಾಡಾಕಲ್ಲ," ಎಂದಳು. ಒಳಗೆ ಹೋಗಿ ಇಳಕಲ್ಲ ಸೀರೆ ಮಡಿಸಿಟ್ಟು ಒಲೆ ಹೊತ್ತಿಸಿದಳು. ಅವತ್ತು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ, ಒಲೆಯ ಮುಂದೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ.

ಮರುದಿನ ಗದ್ದೆಯ ದಾರಿಯಲ್ಲಿ ಚೇರ್ಮನ್ನರು ಸಿಕ್ಕರು. "ಏ ಹುಲಿಗೆಮ್ಮ, ಭೇಷ್ ಹಾಡೀದಿ ನೋಡು. 'ಬಾಗಿಲ ತೆರೆದಾರ ಯಾರವ್ವ' ಅಂತೀಯಲ್ಲ, ಅಲ್ಲಿ ಕಣ್ಣಾಗ ನೀರು ತರಿಸೀದಿ."

"ಧ್ವನಿ ಹೆಂಗಿತ್ರೀ ಯಪ್ಪಾ?" ಎಂದು ಯವ್ವ ಕೇಳಿದಳು.

ಅವರು ತುಸು ಯೋಚಿಸಿ, "ಧ್ವನಿ? ನಿಂದ ಇತ್ತವ್ವ," ಎಂದು ಹೋದರು. ಈ ಮಾತನ್ನು ಯವ್ವ ಎಷ್ಟೋ ವರ್ಷ ಹೇಳಿ ಹೇಳಿ ನಕ್ಕಳು. ಕಾಕಾ ಮಾತ್ರ ನಗುತ್ತಿರಲಿಲ್ಲ. ಪ್ರತಿ ಯುಗಾದಿಗೆ ಬೇವು ಬೆಲ್ಲ ತಿನ್ನುವಾಗ, "ಅತ್ತಿಗಿ, ಅವತ್ತು ಒಂದು ಮಾತು ಮೊದ್ಲ ಹೇಳಿಬಿಟ್ಟಿದ್ರ..." ಎಂದು ಶುರು ಮಾಡುವನು. "ಹೇಳಿದ್ರ ಅರ್ಧನೂ ಬರ್ತಿದ್ದಿಲ್ಲ, ತಿನ್ನು ಸುಮ್ಮ," ಎಂದು ಯವ್ವ ಅವನ ಬಾಯಿ ಮುಚ್ಚಿಸುವಳು. ಇಬ್ಬರ ಮಾತೂ ಖರೆ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಮುಂದೆ ಎಂಬತ್ತರ ದಶಕದಲ್ಲಿ ನಾನು ಓದಲು ರಾಯಚೂರಿಗೆ ಬಂದೆ. ಹಾಸ್ಟೆಲಿಗೆ ಟಿವಿ ಬಂತು. ಒಬ್ಬಳು ಮಾಳಿಗೆ ಹತ್ತಿ ಆಂಟೆನಾ ತಿರುವಬೇಕು, ಒಬ್ಬಳು ಮೆಟ್ಟಿಲಲ್ಲಿ ನಿಲ್ಲಬೇಕು, ಉಳಿದವರು ಒಳಗೆ. "ಬಂತೇನು?" "ಬಂತು, ಬಂತು, ಹೋತು!" ಮಾಳಿಗೆ ಹತ್ತುವ ಸರದಿ ಬಂದಾಗ ನಾನು ಎಂದೂ ತಪ್ಪಿಸಿಕೊಳ್ಳಲಿಲ್ಲ. ಒಳಗೆ ಚಿತ್ರ ನಿಂತ ಮೇಲೆ ಮಾತ್ರ ಇನ್ನಷ್ಟು ಹೊತ್ತು ಮೇಲೆಯೇ ಇರುತ್ತಿದ್ದೆ. ಯಾರಾದರೂ ನೆನಪಿಟ್ಟು, ಇಳಿದು ಬಾರೇ ಎಂದು ಕರೆಯುತ್ತಾರೋ ಎಂದು ಕಾಯುವ ಕೆಟ್ಟ ಚಟ. ಹೆಚ್ಚಿನ ಸಲ ಕರೆದರು, ಸುಳ್ಳೇಕೆ ಹೇಳಲಿ. ವೈರು ಕೂಡಿಸಿಡುವ ಹುಚ್ಚು ನನಗೆ ಹತ್ತಿದ್ದು ಎಲ್ಲಿಂದ ಎಂದು ಯಜಮಾನರು ಕೇಳಿದರೆ ಇಷ್ಟೆಲ್ಲ ಹೇಳುವುದಿಲ್ಲ. ಇರಲಿ ಬಿಡಿ, ಬೇಕಾಗುತ್ತದೆ ಎನ್ನುತ್ತೇನೆ.

ಕತ್ತಲಾಗುವ ಮೊದಲು ಶರಣಮ್ಮ ಬಂದಳು. ಚಹಾ ಕುಡಿಯುತ್ತಲೇ ಎರಡು ಗುಂಡಿ ಒಟ್ಟಿಗೆ ಒತ್ತಿದಳು. ಮಾನಿಟರಿನ ಬದಿಗೆ ಒಂದು ಪಟ್ಟಿ ಮೂಡಿತು.

"ಹೊರಗ ಒಂದ ಬರಂಗ ಇಡ್ಲ್ಯಾ, ಎರಡೂ ಕಡಿ ಬರಂಗ ಇಡ್ಲ್ಯಾ ಟೀಚರ್?"

"ಎರಡೂ ಕಡಿ ಇರಲಿ."

"ಒಳಗಿನ ಪರದಿ ಸತ್ತs ಹೋಗ್ಯದಲ್ರೀ. ಎರಡೂ ಕಡಿ ಇಟ್ರೂ ಅಷ್ಟ, ಬಿಟ್ರೂ ಅಷ್ಟ."

"ಇರಲಿ ಬಿಡಬೇ," ಎಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವಳು ಹಾಗೇ ಇಟ್ಟಳು. ಹಸಿರು ಗುಡ್ಡದ ಮೇಲೆ ನನ್ನ ಕಡತಗಳೆಲ್ಲ ಬಂದು ಕುಳಿತವು. ಹಳದಿ ಚೀಲವೂ ಇತ್ತು. ಅವಳು ಮೊದಲು ಅದರ ಎರಡು ಪ್ರತಿ ಮಾಡಿ ನನ್ನ ಕೈಗಿಟ್ಟಳು. "ತಾಳೆ ನೋಡ್ಕೋರಿ," ಎಂದು ಹೇಳಿ ಹೋದಳು.

ಗುಂಡಿ ಒತ್ತಿದೆ. ದೊಡ್ಡ ಪರದೆಯಲ್ಲಿ ಯವ್ವ ಬಂದಳು. ದನಿ ಮಾತ್ರ ಮಾನಿಟರಿನಿಂದ ಬರಲಿಲ್ಲ. ಆ ನೀಲಿ ಬಾಯಿಯಿಂದ ಚಿತ್ರವಷ್ಟೇ ಹೋಗುತ್ತದಂತೆ. ದನಿ ಕತ್ತಲಾಗಿದ್ದ ಹಳೆಯ ಲ್ಯಾಪ್‌ಟಾಪಿನ ಒಳಗಿನಿಂದಲೇ ಬಂತು.

"ಮೊದಲಿಂದ ಹಾಡು ಯವ್ವಾ," ಎಂದು ನಾನು ಹೇಳುತ್ತಿದ್ದೇನೆ.

"ಮೊದಲಿಂದು ನಾ ಕೇಳೀನಿ," ಎನ್ನುತ್ತಾಳೆ ಯವ್ವ. "ಗಡಿಗಿ ಮ್ಯಾಲಿಟ್ಟು ಕೇಳಿದ್ದಿಲ್ಲೇನು? ನಾ ಕೇಳಲಾರದ್ದು ಮುಂದಿಂದು. ಅದನ್ನ ಹಿಡಿ."

ಹಿಡಿದೆ. ಮೂರೂವರೆ ದಶಕ ಕಾದಿಟ್ಟುಕೊಂಡಿದ್ದ ಅರ್ಧದಿಂದ ಶುರು ಮಾಡಿ ಹಾಡಿದಳು.

ಹೊಲದ ಬದುವಿನ ಆಚೆ ಹೊಸ ಊರು ಕಂಡೀತ
ಕರೆಯುವರ್ಯಾರ ಹೆಸರ್ಹಿಡಿದು, ಬಾ ಅಂದು
ಬಾಗಿಲ ತೆರೆದಾರ ಯಾರವ್ವ

ಹಾಡು ಹಿಡಿದ ಆ ದಿನ, ಮುಗಿದ ಮೇಲೆ ನಾನು ಅದನ್ನು ತಿರುಗಿ ಹಾಕಿ ಯವ್ವನಿಗೆ ಕೇಳಿಸಿದ್ದೆ. ಅದು ಇದರಲ್ಲಿ ಇಲ್ಲ, ನನ್ನ ಕಣ್ಣಲ್ಲಿದೆ. ಆ ಗುರುವಾರ ಬಾಗಿಲ ತೋಳಿಗೆ ಒರಗಿ ನಿಂತಿದ್ದ ಹಾಗೆಯೇ, ತುಟಿ ಆಡಿಸದೆ, ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದಳು. "ಚಲೋ ಹಾಡ್ತಾಳ ನಿಮ್ಮವ್ವ," ಎಂದಳು.

ಈಗ ನನ್ನ ಹತ್ತಿರ ಮೂರು ಪ್ರತಿಗಳಿವೆ. ಮೂರರಲ್ಲೂ ಹಿಂದಿನರ್ಧವೇ. ಮೊದಲರ್ಧ ಆ ಗುರುವಾರ ಗಡಿಗೆಯಿಂದ ಹೊರಟು ಹೋದದ್ದು, ಯಾವ ವೈರು ಹಚ್ಚಿದರೂ ಬರುವುದಿಲ್ಲ. ಕೇಳಿದವರಲ್ಲಿ ಉಳಿದವರು ಕೆಲವರು, ನಾನೂ ಒಬ್ಬಳು. ನನ್ನ ಕಂಠ ಮಗ್ಗಿ ಹೇಳಿಸಲಿಕ್ಕೆ ಸರಿ, ಹಾಡಿಗಲ್ಲ. ಆದರೂ ಬಾಗಿಲು ತೆರೆದಿಟ್ಟು ಪಡಸಾಲೆಗೂ ಕೇಳುವ ಹಾಗೆ ದೇವದುರ್ಗದ ತಿರುವಿನಿಂದ ಶುರು ಮಾಡಿದೆ. ಬಂಡಿ ಮುಂದ ಮುಂದಕ್ಕ ಹೋಗಿ, ದನಿ ಎರಡು ಕಡೆ ಒಡೆದು, ಅಂತೂ ಅರ್ಧದ ತನಕ ತಂದು ಮುಟ್ಟಿಸಿದೆ. ಅಲ್ಲಿಂದ ಮುಂದಿನದಕ್ಕೆ ಗುಂಡಿ ಒತ್ತಿ ಯವ್ವನಿಗೆ ಬಿಟ್ಟುಕೊಟ್ಟೆ.